ಹಿಂಡುವ ಬಂಡೆ, ಮಣಿಯುವ ಕಮಾನು

ಕಲ್ಲೆಂದರೆ ಅಲುಗದ ವಸ್ತುವೆಂದೇ ನಮ್ಮೆಲ್ಲರ ಭಾವನೆ. ಆದರೆ ಭೂಮಿಯ ಆಳದಲ್ಲಿ ಕೆಲವು ಬಗೆಯ ಕಲ್ಲು ನಾದಿದ ಹಿಟ್ಟಿನಂತೆ ವರ್ತಿಸುತ್ತದೆ. ಹಿಟ್ಟಿನ ಮುದ್ದೆಯಲ್ಲಿ ಬೆರಳಿನಿಂದ ತೂತು ಮಾಡಿ, ಮುದ್ದೆಯನ್ನು ಸುತ್ತಲಿಂದ ಅದುಮಿದರೆ ತೂತು ಕಿರಿದಾಗುತ್ತದೆಯಷ್ಟೆ. ದುರ್ಬಲ ಶಿಲೆಯಲ್ಲಿ ತೋಡಿದ ಸುರಂಗದ ಪಾಡೂ ಅದೇ.

ಇದಕ್ಕೆ ಕಾರಣವೇನು? ಒಂದು ಘನ ಮೀಟರ್ ಶಿಲೆ ಸುಮಾರು 2.7 ಟನ್ ತೂಗುತ್ತದೆ. ಆದ್ದರಿಂದ 800 ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 216 ಕಿಲೋಗ್ರಾಂ ಭಾರವಿರುತ್ತದೆ. ಸುರಂಗವನ್ನು ತೋಡಿದಾಗ, ತೆಗೆದುಹಾಕಿದ ಕಲ್ಲು ಹೊತ್ತಿದ್ದ ಭಾರ ಸುತ್ತಲಿನ ಕಲ್ಲಿನ ಪಾಲಿಗೆ ಬರುತ್ತದೆ. ಎಲ್ಲ ದಿಕ್ಕುಗಳಿಂದಲೂ ಒತ್ತಡ ಸಮನಾಗಿದ್ದರೆ, ದುಂಡಾದ ಸುರಂಗದ ಅಂಚಿನಲ್ಲಿ ಅದು ಇಮ್ಮಡಿಯಾಗುತ್ತದೆ. ಗಟ್ಟಿಯಾದ ಗ್ರಾನೈಟ್ ಇದನ್ನು ಸುಲಭವಾಗಿ ತಾಳಬಲ್ಲುದು. ನುಚ್ಚಾಗಿ ಜೇಡಿ ಬೆರೆತ ಶಿಲೆಯಾದರೋ ತಾಳಲಾರದೆ ಮೆಲ್ಲಮೆಲ್ಲನೆ ಒಳಸರಿಯುತ್ತದೆ.

ಸುರಂಗ ಕೊರೆಯುವ ಬೃಹದ್ಯಂತ್ರಕ್ಕೆ ಇದೇ ಕಂಟಕ. ಗಟ್ಟಿ ಬಂಡೆಗೆಂದು ರಚಿಸಿದ ಯಂತ್ರವು ಎರಡು ಪಕ್ಕದ ಗೋಡೆಗಳಿಗೆ ಪಾದಗಳನ್ನೂರಿ, ಉಕ್ಕಿನ ಬಿಲ್ಲೆಗಳುಳ್ಳ ತಲೆಯನ್ನು ಮುಂದಕ್ಕೊತ್ತಿ ತಿರುಗಿಸುತ್ತದೆ. ಗೋಡೆಯೇ ಮೆತ್ತಗಾದರೆ ಪಾದ ಊರುವುದೆಲ್ಲಿ? ಯಂತ್ರದ ಮೈಗೂ ಕಲ್ಲಿಗೂ ನಡುವೆ ಇರುವ ತೆರವಂತೂ ಬಹಳ ಕಿರಿದು. ಕಲ್ಲು ಅದನ್ನು ತುಂಬಿ ಯಂತ್ರವನ್ನು ಹಿಡಿದುಕೊಂಡಿತೆಂದರೆ, ಬಿಡಿಸಲು ತಿಂಗಳುಗಳೇ ಬೇಕಾಗಬಹುದು.

ಸ್ವಿಟ್ಸರ್ಲೆಂಡಿನ ಗೊಟ್ಹಾರ್ಡ್ ತಳಸುರಂಗದ ನಿರ್ಮಾಪಕರು ಈ ಅಪಾಯವನ್ನು ಮೊದಲೇ ಅರಿತಿದ್ದರು. 57 ಕಿಲೋಮೀಟರ್ ಉದ್ದದ ಆ ರೈಲುಮಾರ್ಗದ ಬಹುಭಾಗವನ್ನು ಕೊರೆದದ್ದು ಸುಮಾರು 9 ಮೀಟರ್ ವ್ಯಾಸದ ಯಂತ್ರಗಳೇ. ಆದರೆ ಸೆಡ್ರುನ್ ಎಂಬ ಹಳ್ಳಿಯ ಬಳಿ ಪುಡಿಪುಡಿಯಾದ ಶಿಲೆಯ ವಲಯವೊಂದು ಅಡ್ಡವಾಗಿತ್ತು. ಅಲ್ಲಿ ಅವರು ಯಂತ್ರವನ್ನು ಬಿಟ್ಟು, 800 ಮೀಟರ್ ಆಳದ ಬಾವಿಯ ಮೂಲಕ ಇಳಿದು, ಸ್ವಲ್ಪಸ್ವಲ್ಪವಾಗಿ ಅಗೆಯುತ್ತ ಹೋದರು.

ಅವರು ಕೈಗೊಂಡ ಉಪಾಯ ಸ್ವಾರಸ್ಯಕರವಾದುದು. ಬಂಡೆಯನ್ನು ಒಮ್ಮೆಗೇ ತಡೆದು ನಿಲ್ಲಿಸಲು ಅವರು ಹೊರಡಲಿಲ್ಲ. ಅದು ಒಳಸರಿಯಲೆಂದೇ ಸುರಂಗವನ್ನು ಬೇಕಾದುದಕ್ಕಿಂತ ಅಗಲವಾಗಿ ತೋಡಿ, ತುಂಡುಗಳು ಒಂದರ ಮೇಲೊಂದು ಜಾರುವಂತಹ ಉಕ್ಕಿನ ಕಮಾನುಗಳನ್ನು ನಿಲ್ಲಿಸಿದರು. ಬಂಡೆ ಒತ್ತಿದಂತೆಲ್ಲ ಕಮಾನು ಜಾರಿ ಕಿರಿದಾಯಿತು. ಬಂಡೆ ಸರಿದಷ್ಟೂ ಕಮಾನಿನ ಮೇಲಿನ ಒತ್ತಡ ಇಳಿಯಿತು. ಆದರೆ ಸರಿಯಲು ಮಿತಿಯಿಲ್ಲದೆ ಬಿಟ್ಟರೆ ಶಿಲೆ ಸಡಿಲವಾಗಿ ಕುಸಿದೀತು. ಆದುದರಿಂದ ಚಲನೆಯನ್ನು ಅಳೆಯುತ್ತಿದ್ದು, ತಕ್ಕ ಸಮಯದಲ್ಲಿ ಅದನ್ನು ತಡೆದು, ಕಾಂಕ್ರೀಟಿನ ಭದ್ರವಾದ ಒಳಕವಚವನ್ನು ಕಟ್ಟಿದರು.

2016ರ ಜೂನ್ ತಿಂಗಳಲ್ಲಿ ಈ ಸುರಂಗದ ಉದ್ಘಾಟನೆಯಾಯಿತು. ಯಂತ್ರವು ಗ್ರಾನೈಟನ್ನು ಗೆದ್ದ ಅದೇ ಪರ್ವತದಲ್ಲಿ, ಮೆತ್ತನೆಯ ಕಲ್ಲನ್ನು ಗೆದ್ದದ್ದು ಮಣಿಯಬಲ್ಲ ಕಮಾನು.