ಅಂಗೈಯೊಳಗೆ 541 ಲಕ್ಷ ಕೋಟಿ

ಕೆಳಗಿನ ಹತ್ತು ಮಣಿಗಳೂ ಕದಲಿರಲಿಲ್ಲ! ಮತ್ತೆ ಎಣಿಸಿದೆ. ಹೌದು, ಹತ್ತಕ್ಕೆ ಹತ್ತೂ ತಮ್ಮ ತಮ್ಮ ಮನೆಯಲ್ಲೇ ಇದ್ದವು! ಮೂರು ಸಂಜೆಯಿಂದ ಒಂದು ಬಣ್ಣ ಕೂಡಿಸಲು ಹೋಗಿ ಇನ್ನೊಂದನ್ನು ಕೆಡಿಸಿಕೊಳ್ಳುತ್ತಿದ್ದೆ. ಈಗ ಮೊದಲ ಸಲ ಆ ಪುಟ್ಟ ಪೀಪಾಯಿ ನನ್ನ ಮಾತು ಕೇಳಿತ್ತು.

ಇದರ ಹೆಸರು ಟೆನ್ ಬಿಲಿಯನ್. ಜಪಾನಿನ ನಿಂಟೆಂಡೊ ಕಂಪನಿ 1980ರಲ್ಲಿ ಹೊರತಂದ ಆಟಿಕೆ. ಕಲ್ಪಿಸಿದವರು ಗುನ್‌ಪೇ ಯೊಕೊಯಿ. 1965ರಲ್ಲಿ ಇಸ್ಪೀಟೆಲೆ ತಯಾರಿಸುವ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿ, 1989ರಲ್ಲಿ ಜಗತ್ತಿನ ಮಕ್ಕಳ ಕೈಗೆ ಗೇಮ್ ಬಾಯ್ ಇಟ್ಟ ಅದೇ ಯೊಕೊಯಿ!

ಒಳಗಿರುವುದು 23 ಮಣಿ. ಐದು ಬಣ್ಣ, ಬಣ್ಣಕ್ಕೆ ನಾಲ್ಕರಂತೆ. ಜೊತೆಗೆ ಮೂರು ಕಪ್ಪು. ಒಂದರ ಮೇಲೊಂದು ತಿರುಗುವ ಎರಡು ಬಳೆಗಳು. ಒಂದೊಂದರಲ್ಲೂ ಐದೈದು ಮಣಿಗಳ ಎರಡು ಸುತ್ತು. ಮಿಕ್ಕ ಮೂರು ಮಣಿಗಳು ಮೂರು ನಿಂತ ಸಾಲುಗಳ ತುದಿಯಲ್ಲಿ. ಚೌಕಟ್ಟನ್ನು ಒತ್ತಿದರೆ ಆ ಮೂರು ಸಾಲುಗಳು ಒಂದು ಮಣಿಯಷ್ಟು ಇಳಿಯುತ್ತವೆ, ಎತ್ತಿದರೆ ಏರುತ್ತವೆ. ಇಷ್ಟೇ ಯಂತ್ರ! ಐದು ನಿಂತ ಸಾಲುಗಳೂ ಒಂದೊಂದೇ ಬಣ್ಣಕ್ಕೆ ಬರಬೇಕು, ಕಪ್ಪು ಮಣಿಗಳು ತುದಿಗೆ ಸೇರಬೇಕು.

ಟೆನ್ ಬಿಲಿಯನ್ ಅಂದರೆ ಸಾವಿರ ಕೋಟಿ. ಆದರೆ ಈ ಮಣಿಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದೆಂದು ಕಾಗದದ ಮೇಲೆ ಲೆಕ್ಕ ಹಾಕಿದಾಗ ಎದೆ ಝಲ್ಲೆಂದಿತು: ಸುಮಾರು 541 ಲಕ್ಷ ಕೋಟಿ! ಊಟ ನಿದ್ದೆ ಬಿಟ್ಟು ಸೆಕೆಂಡಿಗೊಂದರಂತೆ ಜೋಡಿಸುತ್ತ ಹೋದರೂ 1.7 ಕೋಟಿ ವರ್ಷ ಬೇಕು. ಅಷ್ಟೆಲ್ಲ ಒಂದು ಮುಷ್ಟಿಯೊಳಗೆ!

ಹಾಗಾದರೆ ದಾರಿ ಎಲ್ಲಿದೆ? ಬಾಗಿಲಿಗೆ ಮೊದಲು ಚಿಲಕ ಹಾಕುತ್ತೇವೆ, ಆಮೇಲೆ ಬೀಗ. ತೆಗೆಯುವಾಗ ಮೊದಲು ಬೀಗ, ಆಮೇಲೆ ಚಿಲಕ. ನಾನೂ ಹಾಗೆಯೇ ಮಾಡುತ್ತಿದ್ದೆ. ಕಡೆಯ ನಡೆಯನ್ನು ಮೊದಲು ಹಿಂದೆಗೆದುಕೊಂಡು ಹೊರಟಲ್ಲಿಗೇ ಬಂದು ನಿಲ್ಲುತ್ತಿದ್ದೆ. ಆ ಸಂಜೆ ಕ್ರಮ ಬದಲಿಸಿದೆ. ಚೌಕಟ್ಟು ಮೇಲಿತ್ತು. ಮೇಲಿನ ಬಳೆಯನ್ನು ಒಂದು ಮನೆ ಬಲಕ್ಕೆ ತಿರುಗಿಸಿದೆ. ಚೌಕಟ್ಟನ್ನು ಒತ್ತಿದೆ. ಈಗ ಎತ್ತುವ ಮೊದಲೇ ಬಳೆಯನ್ನು ಎಡಕ್ಕೆ ಮರಳಿಸಿದೆ. ಆಮೇಲೆ ಎತ್ತಿದೆ. ಕೆಳಗಿನ ಬಳೆ ಇದ್ದ ಹಾಗೇ ಇದೆ, ಮೇಲೆ ಮಾತ್ರ ಕೆಲವು ಮಣಿಗಳು ಜಾಗ ಬದಲಿಸಿವೆ! ಯಾಕೆಂದು ಹೊಳೆದಾಗ ಮೈ ಜುಮ್ಮೆಂದಿತು. ಕೆಳಗಿನ ಮಣಿಗಳು ಒತ್ತಿದಾಗ ಇಳಿದವು, ಎತ್ತಿದಾಗ ಏರಿದವು. ನಡುವೆ ತಿರುಗಿದ್ದು ಮೇಲಿನ ಬಳೆಯೊಂದೇ. ಅವುಗಳಿಗೆ ಆ ತಿರುಗಾಟ ಗೊತ್ತೇ ಆಗಲಿಲ್ಲ!

ಗಣಿತಜ್ಞರು ಈ ನಾಲ್ಕು ನಡೆಯ ಯುಕ್ತಿಯನ್ನು ಕಮ್ಯುಟೇಟರ್ ಎನ್ನುತ್ತಾರೆ. ರೂಬಿಕ್ ಕ್ಯೂಬ್‌ನಲ್ಲಿ ಮೂರೇ ತುಂಡುಗಳನ್ನು ಕದಲಿಸಿ ಉಳಿದವನ್ನು ಇದ್ದಲ್ಲೇ ಬಿಡುವುದೂ ಇದರಿಂದಲೇ.

ಆಮೇಲೆ ಕೈ ನಿಲ್ಲಲಿಲ್ಲ. ಮೊದಲು ಕೆಳಗಿನ ಬಳೆ ಸರಿಮಾಡಿಕೊಂಡೆ. ಬಳಿಕ ಮೇಲಿನದಕ್ಕೆ ಅದೇ ನಾಲ್ಕು ನಡೆ: ಬಲದಿಂದ ಒಮ್ಮೆ, ಎಡದಿಂದ ಒಮ್ಮೆ, ಒಂದು ಮನೆ, ಎರಡು ಮನೆ. ಕಡೆಯ ಸಲ ಚೌಕಟ್ಟನ್ನು ಎತ್ತಿದಾಗ ಮೂರು ಕಪ್ಪು ಮಣಿಗಳೂ ಟಪ್ಪನೆ ನೆತ್ತಿಗೇರಿದವು. ಕೆಳಗೆ ಐದು ಬಣ್ಣದ ಐದು ಕಂಬಗಳು!

ಕಣ್ತುಂಬ ನೋಡಿದೆ. ಮತ್ತೆ ಕದಡಿದೆ. ಆ ಹತ್ತು ಮಣಿಗಳು ಮನೆಗೆ ಮರಳುವುದನ್ನು ಇನ್ನೊಮ್ಮೆ ನೋಡಬೇಕಿತ್ತು.