ಗ್ರಂಥಿಜ್ವರವೂ ಕಬಡ್ಡಿಯೂ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಶಾಲಾ ಬಯಲುಗಳಲ್ಲಿ ಕಬಡ್ಡಿಯಾಡುವ ಬಾಲಕರನ್ನು ನಾವು ಕಂಡಿದ್ದೇವೆ. ಅವರಲ್ಲೊಬ್ಬನಿಗೆ ಜ್ವರ ಬಂದು, ಗಂಟಲು ನೊಂದು, ಕುತ್ತಿಗೆಯ ಗ್ರಂಥಿಗಳು ಊದಿ, ಬಳಲಿಕೆ ವಾರಗಟ್ಟಲೆ ಉಳಿದರೆ ಅದು ಗ್ರಂಥಿಜ್ವರವಿರಬಹುದು. 1964ರಲ್ಲಿ ಬೆಳಕಿಗೆ ಬಂದ ಎಪ್‌ಸ್ಟೈನ್-ಬಾರ್ ವೈರಸ್ಸೇ ಇದಕ್ಕೆ ಮುಖ್ಯ ಕಾರಣ. ಇದು ಎಂಜಲಿನಿಂದ ಹರಡುವುದು. ಎಳೆಯ ಮಕ್ಕಳಲ್ಲಿ ಬಹುಮಟ್ಟಿಗೆ ಸುಳಿವಿಲ್ಲದೆ ಹಾದುಹೋಗಿ, ಹರೆಯದವರನ್ನೇ ಹೆಚ್ಚಾಗಿ ಕಾಡುವುದು.

ಆಂಟಿಬಯಾಟಿಕ್ ಔಷಧಗಳು ವೈರಸ್ಸನ್ನು ಕೊಲ್ಲಲಾರವು; ಅಮಾಕ್ಸಿಸಿಲಿನ್ ಕೊಟ್ಟರೆ ಮೈಮೇಲೆ ದದ್ದುಗಳೇಳಬಹುದು. ವಿಶ್ರಾಂತಿ, ಸಾಕಷ್ಟು ನೀರು, ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್, ಇವೇ ಸಾಮಾನ್ಯ ಚಿಕಿತ್ಸೆ.

ನಾವು ಮರೆಯಬಾರದ ಸಂಗತಿ ಮತ್ತೊಂದಿದೆ. ಈ ರೋಗದಲ್ಲಿ ಗುಲ್ಮವು ಊದುವುದುಂಟು. ಪೆಟ್ಟು ಬಿದ್ದರೆ ಅದು ಒಡೆದು ಪ್ರಾಣಾಪಾಯವಾದೀತು. ಆದುದರಿಂದ ರೋಗ ಕಾಣಿಸಿದಂದಿನಿಂದ ಕನಿಷ್ಠ 3-4 ವಾರ, ಆ ಬಳಿಕವೂ ವೈದ್ಯರ ಒಪ್ಪಿಗೆಯಿಲ್ಲದೆ, ಕಬಡ್ಡಿ ಕೂಡದು. ಹೊಟ್ಟೆಯ ಎಡ ಮೇಲ್ಭಾಗದಲ್ಲಿ ಥಟ್ಟನೆ ನೋವೆದ್ದರೆ ಒಡನೆಯೇ ಆಸ್ಪತ್ರೆಗೆ ಕರೆದೊಯ್ಯಬೇಕು.