ಸ್ಪಿಂಡಲ್ ತಿರುಗುವ ಹೊತ್ತು

ಪೀಣ್ಯ ಎರಡನೇ ಹಂತದ ಒಂದು ಒಳರಸ್ತೆ. ಬೆಳಿಗ್ಗೆ ಎಂಟಕ್ಕೆ ಶಟರ್ ಎತ್ತಿದ ಕೂಡಲೇ ಮೂಗಿಗೆ ಬಡಿಯುವುದು ಕೂಲೆಂಟ್ ವಾಸನೆ. ಇಪ್ಪತ್ತಕ್ಕೆ ನಲವತ್ತಡಿಯ ಶೆಡ್ಡು. ಮೂಲೆಯಲ್ಲೊಂದು ಹಳೇ ಕಿರ್ಲೋಸ್ಕರ್ ಲೇತು, ಗೋಡೆಯ ಬದಿಗೆ ಡ್ರಿಲ್ಲಿಂಗ್ ಮೆಷಿನ್ನು, ನಟ್ಟನಡುವೆ ಸಿಎನ್‌ಸಿ. ಅದರ ಬಾಗಿಲ ಮೇಲಿನ ಅರಿಶಿನ ಕುಂಕುಮ ಕಳೆದ ಆಯುಧಪೂಜೆಯದು. ಸೆಟ್ಟರ್ ಬಂದವನೇ ಚಕ್ಕಿಗೆ ಒಂದು ತುಂಡು ಕಚ್ಚಿಸಿ, ಕಾಲು ಗಂಟೆ ಸ್ಪಿಂಡಲನ್ನು ಸುಮ್ಮನೆ ತಿರುಗಲು ಬಿಡುತ್ತಾನೆ. ರಾತ್ರಿಯಿಡೀ ತಣ್ಣಗಿದ್ದ ಯಂತ್ರ ಬಿಸಿಯಾಗುತ್ತ ಕೆಲವು ಮೈಕ್ರಾನಿನಷ್ಟು ಹಿಗ್ಗುತ್ತದೆ. ಅದು ಹಿಗ್ಗಿ ನಿಲ್ಲುವ ಮೊದಲೇ ಕಡೆದ ಪೀಸು, ಹತ್ತು ಗಂಟೆಗೆ ಕಡೆದ ಪೀಸಿನ ಹಾಗಿರುವುದಿಲ್ಲ.

ಇವತ್ತಿನ ಜಾಬ್ ಒಂದು ಬುಷ್. ಒಳಬೋರು 25 ಎಚ್7. ಅಂದರೆ 25.000 ಮಿಲಿಮೀಟರಿಗಿಂತ ಕೆಳಗಿಳಿಯಬಾರದು, 25.021 ದಾಟಬಾರದು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಇಲ್ಲಿರುವ ಆಸ್ಪದ ಅದರ ಮೂರನೇ ಒಂದು ಪಾಲೂ ಇಲ್ಲ. ಮೊದಲ ಪೀಸು ಹೊರಬಂತು. ಬಟ್ಟೆ ವೇಸ್ಟಿನಲ್ಲಿ ಎಣ್ಣೆ ಒರೆಸಿ, ಬೋರ್ ಗೇಜ್ ಇಳಿಸಿ, ಮೆಲ್ಲಗೆ ಅತ್ತಿತ್ತ ತೂಗಿ, ಡಯಲಿನ ಮುಳ್ಳು ಹಿಂದಿರುಗುವ ಜಾಗ ನೋಡಿದ. 24.994. ಪರದೆಯಲ್ಲಿ ಟೂಲಿನ ಜಾಗ ತಿದ್ದುವ ಆಫ್‌ಸೆಟ್ ಪುಟ ತೆರೆದು 0.016 ಒತ್ತಿದ. ಎರಡನೇ ಪೀಸು 25.010, ಆಸ್ಪದದ ಸರಿನಡುವೆ. ಅದರ ಮೇಲೆ ಮಾರ್ಕರಿನಲ್ಲಿ ‘ಓಕೆ’ ಬರೆದು ಡ್ರಾಯಿಂಗಿನ ಪಕ್ಕ ಇಟ್ಟ.

ಯಂತ್ರ ತನ್ನ ಪಾಲಿನದನ್ನು ಹೀಗೆ ಚೊಕ್ಕವಾಗಿ ಮಾಡುತ್ತದೆ. ಅದರ ಕಂತು ತಿಂಗಳು ತಪ್ಪದೆ ಕಟ್ಟುವಷ್ಟು ಕೆಲಸ ಅದಕ್ಕೆ ಉಣಿಸುವುದು ಒಡೆಯನ ಪಾಲಿನದು. ನಾನು ಡಿಪ್ಲೊಮಾ ಓದಿದಾಗ ಮೊದಲನೆಯದನ್ನು ಕಲಿಸಿದರು. ಎರಡನೆಯದು ಶೆಡ್ಡುಗಳಲ್ಲಿ ನಿಂತು ನೋಡಿಯೇ ತಿಳಿದದ್ದು.

ಕೈಲೇತಿನಲ್ಲಿ ಆಪರೇಟರ್ ತಿರುಗಿಸುತ್ತಿದ್ದ ಹ್ಯಾಂಡಲಿನ ಜಾಗಕ್ಕೆ ಇಲ್ಲಿ ಸರ್ವೊ ಮೋಟಾರು, ಬಾಲ್ ಸ್ಕ್ರೂ ಬಂದಿವೆ. ಆಜ್ಞೆ ಬರುವುದು ಪ್ರೋಗ್ರಾಮಿನ ಸಾಲುಗಳಿಂದ: ಜಿ00 ಎಂದರೆ ಬೇಗ ಓಡು, ಜಿ01 ಎಂದರೆ ಕಡೆಯುತ್ತ ನೇರ ಸಾಗು, ಎಂ30 ಎಂದರೆ ಮುಗಿಯಿತು. ಅಂಕಿಗಳ ಆಜ್ಞೆಗೆ ಯಂತ್ರ ನಡೆಯುವುದನ್ನು ಅಮೆರಿಕದ ಎಂಐಟಿಯಲ್ಲಿ ಮಾಡಿ ತೋರಿಸಿದ್ದು 1952ರಲ್ಲಿ. ಆಗ ಆಜ್ಞೆಗಳು ತೂತು ಹೊಡೆದ ಟೇಪಿನ ಮೇಲಿದ್ದವು. ಮರುವರ್ಷವೇ ನಮ್ಮ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಹುಟ್ಟಿತು. 1962ರಲ್ಲಿ ತುಮಕೂರು ರಸ್ತೆಯಲ್ಲಿ ಯಂತ್ರೋಪಕರಣಗಳ ಸಂಶೋಧನಾ ಸಂಸ್ಥೆ ಸಿಎಂಟಿಐ ಬಂತು. 1979ರಲ್ಲಿ ಪೀಣ್ಯದಲ್ಲೇ ಸಿಎನ್‌ಸಿ ಲೇತು ಕಟ್ಟುವ ಏಸ್ ಡಿಸೈನರ್ಸ್ ಶುರುವಾಯಿತು. ಇದು ಯಂತ್ರ ಕೊಳ್ಳುವ ಊರಷ್ಟೇ ಅಲ್ಲ, ಯಂತ್ರ ಕಟ್ಟುವ ಊರು. ಅದೇ ತುಮಕೂರು ರಸ್ತೆಯಲ್ಲಿ ಮುಂದೆ ಮಾದಾವರದ ಪ್ರದರ್ಶನ ಕೇಂದ್ರದಲ್ಲಿ ಯಂತ್ರೋಪಕರಣಗಳ ಇಮ್‌ಟೆಕ್ಸ್ ಮೇಳ ನಡೆದಾಗ ಹೊಸ ಶೆಡ್ಡಿನ ಕನಸು ಹೊತ್ತ ಎಷ್ಟೋ ಹುಡುಗರು ಹಾಲ್‌ನಿಂದ ಹಾಲ್‌ಗೆ ಅಲೆಯುವುದನ್ನು ನೋಡಬಹುದು.

ಆ ಅಲೆದಾಟದಲ್ಲೇ ಒಂದು ಅಪಾಯವಿದೆ. ನಾನು ಮೊದಲು ಕೆಲಸಕ್ಕೆ ಸೇರಿದ ಶೆಡ್ಡಿನ ಒಡೆಯರು ಇಂಥದೊಂದು ಮೇಳಕ್ಕೆ ಹೋಗಿ ಚಪ್ಪಟೆ ಕೆಲಸಕ್ಕೆ ಬೇಕಾಗುವ, ದೊಡ್ಡ ಟೇಬಲ್ಲಿನ ವಿಎಂಸಿ (ವರ್ಟಿಕಲ್ ಮೆಷಿನಿಂಗ್ ಸೆಂಟರ್) ಬುಕ್ ಮಾಡಿ ಬಂದರು. ನಮ್ಮಲ್ಲಿ ನಡೆಯುತ್ತಿದ್ದ ಕೆಲಸವೆಲ್ಲ ದುಂಡನೆಯದು: ಪಿನ್ನು, ಬುಷ್ಷು, ಫ್ಲೇಂಜು. ಚಪ್ಪಟೆ ಕೆಲಸ ಮುಂದೆ ಬರುತ್ತದೆಂಬ ನಂಬಿಕೆ. ಯಂತ್ರ ಬಂತು, ಪೂಜೆಯಾಯಿತು, ಕೆಲಸ ಬರಲಿಲ್ಲ. ಎಂಟು ತಿಂಗಳು ಅದು ಮುಕ್ಕಾಲು ಹೊತ್ತು ಹೊದಿಕೆಯಡಿ ನಿಂತೇ ಇತ್ತು; ಹಳೇ ಲೇತುಗಳು ದುಡಿದು ಅದರ ಕಂತು ಕಟ್ಟಿದವು. ಅವರು ದಡ್ಡರಲ್ಲ, ಕೈಕೆಲಸದಲ್ಲಿ ಅಂಥವರನ್ನು ನಾನು ಆಮೇಲೆ ಕಂಡಿಲ್ಲ. ಯಂತ್ರವನ್ನು ಮೊದಲು ಆರಿಸಿ ಕೆಲಸವನ್ನು ಆಮೇಲೆ ಹುಡುಕಿದರು, ಅಷ್ಟೇ.

ಆದ್ದರಿಂದ ಮೇಳಕ್ಕೆ ಹೋಗುವ ಮೊದಲು ಒಂದು ಭಾನುವಾರ ಕೂತು ಕಳೆದ ವರ್ಷದ ಡ್ರಾಯಿಂಗುಗಳನ್ನೆಲ್ಲ ನೆಲದ ಮೇಲೆ ಹರಡಬೇಕು. ಯಾವ ವ್ಯಾಸ ಹೆಚ್ಚು ಬಂದಿದೆ, ಎಷ್ಟು ಉದ್ದ, ಯಾವ ಲೋಹ, ಒಂದು ಸಲಕ್ಕೆ ಎಷ್ಟು ಪೀಸು, ಎಷ್ಟು ಬಿಗಿಯಾದ ಟಾಲರೆನ್ಸು. ಮುಕ್ಕಾಲು ಪಾಲು ಕೆಲಸ 60 ಮಿಲಿಮೀಟರ್ ವ್ಯಾಸದ ಒಳಗಿದ್ದರೆ 165 ಮಿಲಿಮೀಟರಿನ ಚಕ್ಕು ಸಾಕು. ಎಂದೋ ಬರುವ ಒಂದು ದೊಡ್ಡ ಜಾಬಿಗೆಂದು 250ರ ಚಕ್ಕು ಹಾಕಿಸಿದರೆ, ಆ ಭಾರವನ್ನು ಓಡಿಸಿ ನಿಲ್ಲಿಸುವುದರಲ್ಲೇ ಪ್ರತಿ ಪೀಸಿಗೂ ಕೆಲವು ಸೆಕೆಂಡು ಹೋಗುತ್ತದೆ. ಉದ್ದ ರಾಡಿನಿಂದ ಪೀಸು ಕತ್ತರಿಸುವ ಕೆಲಸವಿದ್ದರೆ ಸ್ಪಿಂಡಲಿನ ಒಳಗೆ ಎಷ್ಟು ದಪ್ಪದ ರಾಡು ತೂರುತ್ತದೆ ಎಂಬುದೇ ಮುಖ್ಯ. ಎರಕದ, ಫೋರ್ಜಿಂಗಿನ ಒರಟು ಮಾಲನ್ನು ಆಳವಾಗಿ ಕಡೆಯಬೇಕಿದ್ದರೆ ಬಾಕ್ಸ್ ವೇ ಇರುವ ಗಟ್ಟಿ ಮೈ ಬೇಕು. ಸಣ್ಣ ಪೀಸುಗಳನ್ನು ಸರಸರನೆ ಇಳಿಸಬೇಕಿದ್ದರೆ ಲೀನಿಯರ್ ಗೈಡ್ ವೇ ಓಟಕ್ಕೆ ಚೆನ್ನ.

ಮಾರುವವರ ಹತ್ತಿರ ಕೇಳಲೇಬೇಕಾದ್ದು ಒಂದಿದೆ. ನಿಮ್ಮದೇ ಎರಡು ಡ್ರಾಯಿಂಗು ಕೊಟ್ಟು, ಅವುಗಳ ಟೈಮ್ ಸ್ಟಡಿ ಬರೆದುಕೊಡಲು ಹೇಳಿ. ಸಾಧ್ಯವಾದರೆ ನಿಮ್ಮ ಮಾಲನ್ನೇ ಒಯ್ದು ಅವರ ಯಂತ್ರದಲ್ಲಿ ಕಡೆಸಿ ನೋಡಿ. ಕ್ಯಾಟಲಾಗಿನ ಹೊಳಪು ಆ ಒಂದು ಮಧ್ಯಾಹ್ನಕ್ಕೆ ಸಮನಲ್ಲ. ಕಂಟ್ರೋಲರ್ ಫಾನುಕ್ ಇರಲಿ, ಸೀಮೆನ್ಸ್ ಇರಲಿ, ಮಿತ್ಸುಬಿಷಿ ಇರಲಿ, ನಿಮ್ಮ ಸೆಟ್ಟರಿಗೆ ಯಾವುದು ಕೈಗೂಡಿದೆಯೋ ಅದೇ ಒಳ್ಳೆಯದು. ಕೆಟ್ಟಾಗ ಸರ್ವಿಸ್ ಎಂಜಿನಿಯರ್ ಎಷ್ಟು ಹೊತ್ತಿಗೆ ಬರುತ್ತಾನೆಂಬುದನ್ನು ಮಾರುವವರನ್ನಲ್ಲ, ಅದೇ ಯಂತ್ರ ಇಟ್ಟುಕೊಂಡಿರುವ ಪಕ್ಕದ ಶೆಡ್ಡಿನವರನ್ನು ಕೇಳಿ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಸ್ಪಿಂಡಲಿಗೆ ಕಿವಿಗೊಡಿ, ಒಂದು ವೃತ್ತ ಕಡೆಸಿ ಅದರ ದುಂಡುತನವನ್ನು ಅಳೆಸಿ. ಹಳೇ ಕಂಟ್ರೋಲರಿನ ಬೋರ್ಡು ಇನ್ನೂ ಮಾರುಕಟ್ಟೆಯಲ್ಲಿ ಸಿಗುತ್ತದೆಯೇ ವಿಚಾರಿಸಿ.

ಕೊಟೇಷನ್ನಿನಲ್ಲಿರುವ ಬೆಲೆಯೇ ಕೊನೆಯಲ್ಲ. ಕಂಪ್ರೆಸರ್, ಸ್ಟೆಬಿಲೈಸರ್, ಟೂಲ್ ಹೋಲ್ಡರುಗಳು, ಗೇಜುಗಳು, ಹೆಚ್ಚುವರಿ ವಿದ್ಯುತ್ ಲೋಡಿನ ಮಂಜೂರಾತಿ ಎಲ್ಲ ಹೊರಗಿನವು. ಜಿಎಸ್‌ಟಿ ಮುಂದೆ ಕ್ರೆಡಿಟ್ಟಾಗಿ ಮರಳುವುದು ನಿಜವಾದರೂ ಮೊದಲು ಕೈಯಿಂದ ಹೋಗಬೇಕು. ಆಸ್ತಿ ಅಡವಿಡಲು ಇಲ್ಲದವರಿಗೆ 2000ನೇ ಇಸವಿಯಲ್ಲಿ ಶುರುವಾದ ಸಿಜಿಟಿಎಂಎಸ್‌ಇ ಸಾಲ ಖಾತರಿ ಯೋಜನೆಯಿದೆ. ಬ್ಯಾಂಕಿನಲ್ಲಿ ಅದರ ಹೆಸರು ಹೇಳಿ ಕೇಳಬೇಕು.

ಈಗ ಲೆಕ್ಕ. ಉದಾಹರಣೆಗೆ 20 ಲಕ್ಷ ಸಾಲ, ಬಡ್ಡಿ ಶೇ 11, ಐದು ವರ್ಷ ಎನ್ನೋಣ. ಕಂತು ತಿಂಗಳಿಗೆ ಸುಮಾರು 43,500. ಬಾಡಿಗೆ 15,000, ವಿಮೆ ಮತ್ತು ರಿಪೇರಿಗೆಂದು 6,500 ಎತ್ತಿಟ್ಟರೆ 65,000 ಆಯಿತು. ಯಂತ್ರ ತಿರುಗಲಿ ಬಿಡಲಿ, ಇದು ಹೋಗುವ ದುಡ್ಡು. ಒಂದು ಶಿಫ್ಟಿಗೆ ಆಪರೇಟರ್ ಸಂಬಳ 22,000, ಕರೆಂಟು 9,000, ಟೂಲಿನ ತುದಿಗೆ ಕೂರಿಸುವ ಇನ್ಸರ್ಟು, ಎಣ್ಣೆ ಇತ್ಯಾದಿ 9,000 ಸೇರಿಸಿ: ಒಟ್ಟು 1,05,000. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ, 208 ಗಂಟೆ. ಅಷ್ಟೂ ಗಂಟೆಗೆ ಗಿರಾಕಿ ದುಡ್ಡು ಕೊಡುವುದಿಲ್ಲ. ಕರೆಂಟು ಹೋಗುತ್ತದೆ, ಮಾಲು ತಡವಾಗುತ್ತದೆ, ರಿಪೇರಿ ಬರುತ್ತದೆ. ಶೇ 65 ಎಂದರೂ ಬಿಲ್ಲಿಗೆ ಬರುವುದು 135 ಗಂಟೆ. ಗಂಟೆಗೆ ಬಿದ್ದ ಖರ್ಚು 778 ರೂಪಾಯಿ.

ಎರಡನೇ ಶಿಫ್ಟ್ ನಡೆಸಿ. ಸಂಬಳ, ಕರೆಂಟು, ಇನ್ಸರ್ಟು ಇಮ್ಮಡಿಯಾಗಿ 80,000. ಆ 65,000 ಮಾತ್ರ ಅಲುಗುವುದಿಲ್ಲ. ಒಟ್ಟು 1,45,000, ಗಂಟೆ 270, ಗಂಟೆಗೆ 537. ಗಿರಾಕಿ 600 ರೂಪಾಯಿಗೆ ಒಪ್ಪಿದ್ದಾನೆ ಎಂದುಕೊಳ್ಳಿ. ಅದೇ ಯಂತ್ರ, ಅದೇ ರೇಟು. ಒಂದು ಶಿಫ್ಟಿನವನು ತಿಂಗಳಿಗೆ 24,000 ಕಳೆದುಕೊಳ್ಳುತ್ತಾನೆ, ಎರಡು ಶಿಫ್ಟಿನವನು 17,000 ಉಳಿಸುತ್ತಾನೆ. ಸ್ವಂತ ಶೆಡ್ಡು, ಸ್ವಂತ ದುಡಿಮೆ ಇದ್ದರೆ ಅಂಕಿ ಬದಲಾಗುತ್ತದೆ. ಆದರೆ ತನ್ನ ಸಂಬಳವನ್ನೇ ಬರೆದುಕೊಳ್ಳದೆ ಲಾಭ ಎಂದು ಹೇಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹತ್ತು ವರ್ಷ ಹಾಗೆ ದುಡಿದು, ಕೊನೆಗೆ ಯಂತ್ರವೂ ಸವೆದು, ಕೈಯಲ್ಲೂ ಏನೂ ಉಳಿಯದವರಿದ್ದಾರೆ.

ಎಲ್ಲಕ್ಕಿಂತ ಹೆಚ್ಚು ದುಡ್ಡು ಸೋರುವುದು ಸೆಟ್ಟಿಂಗಿನಲ್ಲಿ. ಆ ಬುಷ್ಷನ್ನೇ ತೆಗೆದುಕೊಳ್ಳಿ. ಕಡೆಯಲು 90 ಸೆಕೆಂಡು, ಹಾಕಿ ತೆಗೆಯಲು 30. ಎರಡು ನಿಮಿಷ, 600ರ ರೇಟಿನಲ್ಲಿ 20 ರೂಪಾಯಿ. ಆದರೆ ಹಿಂದಿನ ಜಾಬ್ ಬಿಚ್ಚಿ, ಚಕ್ಕಿನಲ್ಲಿ ಮಾಲು ಕಚ್ಚುವ ಜಾ ಬದಲಿಸಿ, ಟೂಲು ಕೂರಿಸಿ, ಫಸ್ಟ್ ಪೀಸ್ ಓಕೆ ಆಗುವ ಹೊತ್ತಿಗೆ ಎರಡು ಗಂಟೆ, 1,200 ರೂಪಾಯಿ ಹೋಗಿರುತ್ತದೆ. 200 ಪೀಸಿನ ಆರ್ಡರಿಗೆ ಅದು ಪೀಸಿಗೆ 6 ರೂಪಾಯಿ. 50 ಪೀಸಿಗಾದರೆ 24, ಕಡೆಯುವ ಕೂಲಿಗಿಂತಲೂ ಹೆಚ್ಚು. ಒಂದೇ ಡ್ರಾಯಿಂಗಿಗೆ ಒಮ್ಮೆ 26, ಇನ್ನೊಮ್ಮೆ 44 ಎಂದು ರೇಟು ಹೇಳಲು ಹಿಂಜರಿಯುವವರೇ ಹೆಚ್ಚು. ಹಳೇ ಗಿರಾಕಿ ಬೇಸರಿಸಿಕೊಂಡಾನು ಎಂಬ ದಾಕ್ಷಿಣ್ಯ. ಲೆಕ್ಕ ಬಿಡಿಸಿ ಎದುರಿಗಿಟ್ಟರೆ ಒಪ್ಪುವ ಗಿರಾಕಿಗಳನ್ನು, ಒಪ್ಪಿ ಆರ್ಡರನ್ನೇ ಒಟ್ಟುಗೂಡಿಸಿ ಕೊಡುವವರನ್ನು ನಾನು ಕಂಡಿದ್ದೇನೆ.

ಸೆಟ್ಟಿಂಗಿನ ಹೊತ್ತು ಇಳಿಸಲು ಹೊಸ ಯಂತ್ರ ಬೇಕಿಲ್ಲ. ಈ ಶೆಡ್ಡಿನ ಗೋಡೆಗೆ ಕಬ್ಬಿಣದ ಕಪಾಟೊಂದಿದೆ. ಅದರಲ್ಲಿ ಮೂರು ಮೂರರ ಜೊತೆಯಾಗಿ ಕಟ್ಟಿಟ್ಟ ಸಾಫ್ಟ್ ಜಾಗಳು. ಪ್ರತಿ ಜಾ ಮೇಲೂ ಪಾರ್ಟ್ ನಂಬರು ಪಂಚ್ ಹೊಡೆದಿದೆ. ಜೊತೆಗೆ 1, 2, 3 ಎಂಬ ಅಂಕಿ, ಚಕ್ಕಿನ ಅದೇ ಸ್ಲಾಟಿಗೆ ಅದೇ ಜಾ ಕೂರಲೆಂದು. ಹಾಗೆ ಕೂರಿಸಿ ತುಸು ಸವರಿದರೆ ಸಾಕು, ಮೊದಲಿಂದ ಬೋರು ಹೊಡೆಯಬೇಕಾಗಿಲ್ಲ. ಟರೆಟ್ಟಿನಲ್ಲಿ ಒಂದನೇ ಸ್ಟೇಷನ್ ಯಾವತ್ತೂ ರಫಿಂಗ್ ಟೂಲಿನದು, ಮೂರನೆಯದು ಬೋರಿಂಗಿನದು. ಪ್ರೋಗ್ರಾಮ್ ನಂಬರು ಡ್ರಾಯಿಂಗಿನ ಮೂಲೆಯಲ್ಲೇ ಬರೆದಿದೆ. ಎರಡು ಗಂಟೆಯ ಸೆಟ್ಟಿಂಗು ಇಲ್ಲಿ ಮುಕ್ಕಾಲು ಗಂಟೆಗೆ ಇಳಿದದ್ದು ಈ ಕಪಾಟಿನಿಂದ.

ಇನ್ಸರ್ಟಿನ ವಿಷಯದಲ್ಲೂ ಯಂತ್ರದ ಹೊತ್ತನ್ನೇ ಲೆಕ್ಕ ಹಾಕಬೇಕು. ನಾಲ್ಕು ಮೂಲೆಯ ಒಂದು ಇನ್ಸರ್ಟಿಗೆ 300 ರೂಪಾಯಿ, ಮೂಲೆಗೆ ನೂರು ಪೀಸು ಬಂದರೆ ಪೀಸಿಗೆ 75 ಪೈಸೆ. ಇಮ್ಮಡಿ ಬೆಲೆಯದು ತಂದರೆ ಇನ್ನೂ 75 ಪೈಸೆ. ಮೇಲೆ ಬಂದ 537ರ ಲೆಕ್ಕದಲ್ಲಿ ಯಂತ್ರದ ಐದು ಸೆಕೆಂಡಿನ ಖರ್ಚೂ 75 ಪೈಸೆಯೇ. ಒಳ್ಳೆಯ ಇನ್ಸರ್ಟು ವೇಗ ಏರಿಸಲು ಬಿಟ್ಟು ಹತ್ತು ಸೆಕೆಂಡು ಉಳಿಸಿದರೆ, ದುಬಾರಿ ಎನಿಸಿದ್ದೇ ಅಗ್ಗ.

ಬಿಲ್ಲಿನ ಹಣ ಬರುವುದು ಬೇರೆಯೇ ಹೋರಾಟ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನೋಂದಾಯಿತ ಸಣ್ಣ ಘಟಕಕ್ಕೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ಉದ್ಯಮ್ ನೋಂದಣಿಯ ನಂಬರನ್ನು ಪ್ರತಿ ಬಿಲ್ಲಿನ ಮೇಲೂ ಅಚ್ಚು ಹಾಕಿಸುವುದು ಸಣ್ಣ ಕೆಲಸ. ಎಷ್ಟೋ ಶೆಡ್ಡುಗಳಲ್ಲಿ ಅದೂ ಆಗಿರುವುದಿಲ್ಲ.

ಸಂಬಳ ಉಳಿಸುವ ಆಸೆಗೆ ಒಳ್ಳೆಯ ಸೆಟ್ಟರನ್ನು ಬಿಟ್ಟುಕೊಡುವುದು ಮಾತ್ರ ನನಗೆ ಇಂದಿಗೂ ಅರ್ಥವಾಗದ ಸಂಗತಿ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಶುರುವಾದ ರಾಜಾಜಿನಗರದ ಜಿಟಿಟಿಸಿ, ಪೀಣ್ಯದ ಎನ್‌ಟಿಟಿಎಫ್ ಇಂಥ ಹುಡುಗರನ್ನು ತಯಾರು ಮಾಡುತ್ತಲೇ ಬಂದಿವೆ. ತರಬೇತಿ ಅಲ್ಲಿ ಸಿಕ್ಕರೂ ಈ ಯಂತ್ರ ಯಾವ ಹೊತ್ತಿಗೆ ಎಷ್ಟು ಹಿಗ್ಗುತ್ತದೆ, ಯಾವ ಸದ್ದಿಗೆ ಇನ್ಸರ್ಟು ಬದಲಿಸಬೇಕು ಎಂಬುದು ಇದರೆದುರು ವರ್ಷಗಟ್ಟಲೆ ನಿಂತವನಿಗೇ ಗೊತ್ತು.

ಸಂಜೆ ನಾಲ್ಕೂವರೆ. ಎರಡನೇ ಶಿಫ್ಟಿನ ಹುಡುಗ ಬಂದು ಕೈತೊಳೆದು ನಿಂತ. ಕೌಂಟರಿನಲ್ಲಿ 186. ಸೆಟ್ಟರ್ ಎಣ್ಣೆ ಮೆತ್ತಿದ ನೋಟ್‌ಬುಕ್ ತೆರೆದು ತೋರಿಸಿದ: ಬೋರಿಂಗ್ ಇನ್ಸರ್ಟು 140ಕ್ಕೆ ಬದಲು, ಆಮೇಲೆ ಆಫ್‌ಸೆಟ್ 0.004. ಹುಡುಗ ಕೊನೆಯ ಪೀಸಿಗೆ ತಾನೇ ಗೇಜ್ ಇಳಿಸಿ ನೋಡಿದ. 25.012. ಪೆಡಲ್ ಒತ್ತಿ ಮುಂದಿನ ತುಂಡು ಕಚ್ಚಿಸಿ, ಬಾಗಿಲೆಳೆದು ಹಸಿರು ಗುಂಡಿ ಒತ್ತಿದ.